ಆರಡಿ ಒಳಗೆ ಬಂದ ಶೆಡ್ಡು

ಗುರುಸಿದ್ದವ್ವ ಆ ಮನೆಯನ್ನು ಮೆಚ್ಚಿದ್ದೇ ಹಿತ್ತಲಿನ ಶೆಡ್ಡಿನ ಸಲುವಾಗಿ. ಮನೆ ಅಂಥಾದ್ದೇನಲ್ಲ, ಒಂದು ಪಡಸಾಲೆ, ಒಂದು ಕೋಲಿ, ಹೊಗೆ ಹಿಡಿದ ಅಡುಗೆಮನೆ. ಆದರೆ ಹಿತ್ತಲಲ್ಲಿ ಸಾಗವಾನಿ ಕಂಬಗಳ ಮೇಲೆ ತಗಡು ಹೊದಿಸಿದ ಉದ್ದನೆಯ ಶೆಡ್ಡು ನಿಂತಿತ್ತು. ಧಾರವಾಡದ ಕಡೆಯಿಂದ ದಾಂಡೇಲಿಯ ಕಾಗದದ ಕಾರ್ಖಾನೆಗೆ ದುಡಿಯಲು ಬಂದ ಒಂಟಿ ಗಂಡಸರಿಗೆ ಅವಳು ಅಲ್ಲಿಯತನಕ ತಾವಿದ್ದ ಚಾಳಿನ ಕಟ್ಟೆಯ ಮೇಲೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಮಳೆ ಬಂದರೆ ಒಲೆ ಆರುತ್ತಿತ್ತು. ಉಣ್ಣುವವರು ತಾಟು ಹಿಡಿದು ಗೋಡೆಗೆ ಆತು ನಿಲ್ಲುತ್ತಿದ್ದರು. ಶೆಡ್ಡು ನೋಡಿದವಳೇ ಗಂಡ ಉಳವಪ್ಪನ ಕಡೆ ತಿರುಗಿ, “ಇಲ್ಲೇ ನಮ್ಮ ಖಾನಾವಳಿ,” ಎಂದಳು.

ಮಾರಿದವನು ಸಾಂಬ್ರಾಣಿ ಎಂಬ ಊರಿನ ವ್ಯಾಪಾರಿ ಅಡಿವೆಯ್ಯ. ಬಾವಿಯ ನೀರಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲವನ್ನೂ ಹೊಗಳಿದ ಅವನು, ಶೆಡ್ಡಿಗೆ ಪರವಾನಗಿ ಇಲ್ಲವೆಂಬ ಮಾತನ್ನು ಮಾತ್ರ ನುಂಗಿಕೊಂಡ. ಖರೀದಿಯಾಗಿ, ಹಾಲು ಉಕ್ಕಿಸಿ, ಶೆಡ್ಡಿನಲ್ಲಿ ಒಲೆ ಹೂಡುವ ಹೊತ್ತಿಗೆ ಪಂಚಾಯತಿಯ ಓವರಸಿಯರ್ ಕರಿಬಸಪ್ಪ ಟೇಪು ಹಿಡಿದು ಬಂದರು. ಹಿಂದಿನ ಓಣಿಯಲ್ಲಿ ಗಟಾರ ತೋಡುವುದಿತ್ತು. ಅಳೆದರೆ, ಶೆಡ್ಡಿನ ಹಿಂದಿನ ಕಂಬಗಳು ಆರಡಿ ಓಣಿಯೊಳಗೇ ಇದ್ದವು.

“ಯಾರನ್ನ ಕೇಳಿ ಕಟ್ಟೀರಿ ಇದನ್ನ?”

“ಕಟ್ಟಿದ್ದನ್ನ ಕೊಂಡೇವ್ರಿ ಸಾಹೇಬ್ರ…” ಉಳವಪ್ಪನ ಮಾತು ಪಕ್ಕದವರಿಗೂ ಕೇಳಿಸುವಂತಿರಲಿಲ್ಲ.

“ಕೊಳ್ಳೂ ಮುಂದ ವಿಚಾರಸಬೇಕಿತ್ತು. ಸೋಮವಾರ ಗಟಾರದ ಆಳು ಬರ್ತಾರ. ಅಷ್ಟರಾಗ ಕೆಡವ್ರಿ.”

ಗುರುಸಿದ್ದವ್ವ ಸೆರಗು ಬಿಗಿದು ಮುಂದೆ ಬಂದಳು. “ನಮ್ಮ ಗಡಿಯೊಳಗ ಇದ್ದಿದ್ರ ಪರವಾನಗಿ ಸಿಗ್ತಿತ್ತೇನ್ರಿ?”

“ಯಾಕ ಸಿಗೂದಿಲ್ಲ? ಹಿತ್ತಲದಾಗ ಜಾಗಾ ಬೇಕಾದಷ್ಟೈತಿ. ಆದ್ರ ಶೆಡ್ಡಿಗೇನು ಕಾಲ ಅದಾವೇನವ್ವ, ಎದ್ದು ಒಳಗ ಬರಾಕ?”

“ನಮಗ ಅದಾವಲ್ರಿ.”

ಕರಿಬಸಪ್ಪ ನಕ್ಕು ಹೋದರು. ಉಳವಪ್ಪ ತಲೆಯ ಮೇಲೆ ಕೈಹೊತ್ತು ಕೂತ. “ಬಿಚ್ಚಿ ಹಾಕೂಣು ಬಿಡ.”

“ಬಿಚ್ಚಿದ್ರ ತುಕ್ಕು ಹಿಡದ ತಗಡು ಹರದು ಚಿಂದಿ ಆಗ್ತಾವು. ಹೊಸಾದು ಎಲ್ಲಿಂದ ತರ್ತಿ? ಹಂಗಽ ಎತ್ತಿ ಒಳಗ ಇಡೂದು.”

ಮರುದಿನ ಊಟಕ್ಕೆ ಬಂದವರೆದುರು ಅವಳು ಅದನ್ನೇ ಹೇಳಿದಳು. ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಮುದಕಪ್ಪ ಕೈತೊಳೆದು ಎದ್ದವನೇ, “ರವಿವಾರ ಎಲ್ಲಾರೂ ಬರ್ತೇವಬೇ. ನೀ ರೊಟ್ಟಿ ಜಾಸ್ತಿ ಬಡಿ,” ಎಂದ.

ರವಿವಾರ ಹಿತ್ತಲು ತುಂಬಿತು. ರಾತ್ರಿಪಾಳಿ ಮುಗಿಸಿದವರು ಮನೆಗೂ ಹೋಗದೆ ನೆಟ್ಟಗೆ ಬಂದಿದ್ದರು. ಚಾಳಿನ ಕಾಶೆವ್ವ ಹೆಂಗಸರನ್ನು ಕಟ್ಟಿಕೊಂಡು ಆರಡಿ ಒಳಗೆ ಕಂಬಗಳಿಗೆ ಹೊಸ ಗುಂಡಿ ತೋಡಿಸಿದಳು. ಗಂಡಸರು ಶೆಡ್ಡಿನ ಸುತ್ತಲ ಬಿದಿರಿನ ತಟ್ಟಿ ಬಿಚ್ಚಿ, ಕಂಬದ ಬುಡ ಸಡಿಲಿಸಿ, ಕಂಬದಿಂದ ಕಂಬಕ್ಕೆ ದಪ್ಪ ಬಿದಿರು ಬಿಗಿದು ಹೆಗಲು ಕೊಟ್ಟರು.

ಮೊದಲ ಸಲ ಎತ್ತಿದಾಗ ಒಂದು ಮಗ್ಗುಲು ಎದ್ದಿತು, ಇನ್ನೊಂದು ಏಳಲಿಲ್ಲ. ತಗಡು ಕಿರ್‍ರೆಂದು ಚೀರಿತು. “ಇಳಸ್ರಿ, ಇಳಸ್ರಿ!” ಎಂದು ನಾಲ್ಕು ಕಡೆಯಿಂದ ನಾಲ್ಕು ಮಂದಿ ಕೂಗಿದರು. ಯಾರ ಮಾತು ಯಾರೂ ಕೇಳುವಂತಿರಲಿಲ್ಲ.

ಆಗ ಬಾವಿಕಟ್ಟೆಯ ಮೇಲೆ ಹತ್ತಿ ನಿಂತವನು ಉಳವಪ್ಪ. “ಯಾರೂ ಒದರಬ್ಯಾಡ್ರಿ! ನಾ ಹರ ಹರ ಅಂದಾಗ ಎಲ್ಲಾರೂ ಒಮ್ಮೇ ಎತ್ರಿ!” ಮದುವೆಯಾದಾಗಿನಿಂದ ಗಂಡನಿಗೆ ಇಂಥ ಗಂಟಲಿದೆಯೆಂದು ಗುರುಸಿದ್ದವ್ವನಿಗೆ ಗೊತ್ತೇ ಇರಲಿಲ್ಲ. ಅವಳೂ ಓಡಿಹೋಗಿ ಮೂಲೆಯ ಬಿದಿರಿಗೆ ಹೆಗಲು ಕೊಟ್ಟಳು.

“ಹರ ಹರ!”

“ಮಹಾದೇವ!”

ಶೆಡ್ಡು ನೆಲ ಬಿಟ್ಟಿತು. ತಗಡು, ತೊಲೆ, ಕಂಬ ಎಲ್ಲ ಸಮೇತ ತೇಲಿದಂತೆ ಎದ್ದು, ಕೂಗಿಗೊಂದು ಹೆಜ್ಜೆಯಿಟ್ಟು ಒಳಗೆ ಬಂದು, ಹೊಸ ಗುಂಡಿಗಳಲ್ಲಿ ದಡಕ್ಕನೆ ಕೂತಿತು. ಹೆಂಗಸರು ಕಲ್ಲುಮಣ್ಣು ತುಂಬಿ ದಮ್ಮಸು ಹೊಡೆದರು. ಓಣಿಯ ತುಂಬ ಸಿಳ್ಳೆ, ಕೇಕೆ.

ಗದ್ದಲ ಕೇಳಿ ಕರಿಬಸಪ್ಪ ಬಂದರು. ಟೇಪು ಹಿಡಿದರು, ಅಳೆದರು, ಮತ್ತೊಮ್ಮೆ ಅಳೆದರು. ಆಮೇಲೆ ಟೊಪ್ಪಿಗೆ ತೆಗೆದು ನಕ್ಕುಬಿಟ್ಟರು. “ನಾಳೆ ಅರ್ಜಿ ಕೊಡ್ರೆವ್ವ. ಪರವಾನಗಿ ನಾನೇ ಮಾಡಸ್ತೇನಿ.”

ಹೇಳಿದಂತೆ ವಾರದೊಳಗೇ ಮಾಡಿಸಿದರು. ಆದರೆ ಖಾನಾವಳಿ ಅಲ್ಲಿತನಕ ಕಾಯಲಿಲ್ಲ. ಅಂದೇ ಮಧ್ಯಾಹ್ನ ತಗಡಿನ ನೆರಳಲ್ಲಿ ಪಂಕ್ತಿ ಕೂತಿತು. ಉಳವಪ್ಪ ಝುಣಕ ಬಡಿಸುತ್ತ, ಜತೆಗೆ ಹೊತ್ತವರಿಗೇ ಹೊತ್ತ ಕಥೆ ಹೇಳುತ್ತ ಓಡಾಡಿದ. ರಾತ್ರಿಪಾಳಿಯವನೊಬ್ಬ ರೊಟ್ಟಿ ಕೈಯಲ್ಲಿರುವಾಗಲೇ ಕಂಬಕ್ಕೆ ಒರಗಿ ನಿದ್ದೆಹೋದ.

“ಎಬ್ಬಸಬ್ಯಾಡ್ರಿ ಅವನ್ನ,” ಎಂದಳು ಗುರುಸಿದ್ದವ್ವ, ಇನ್ನೊಂದು ರೊಟ್ಟಿ ಹಂಚಿಗೆ ಹಾಕುತ್ತ.