ಷರಾ ಕಾಲಂನ ಆಡುಗಳು

ಮರುಭೂಮಿಯ ಬಿರ್ ಲಗ್ರಾದ್ ಊರಿಗೆ ಜಲಾಶಯ ಮಂಜೂರಾಗಿಲ್ಲವೆಂಬ ಪತ್ರ ಬಂದ ದಿನ, ಅಲ್ಲಿನ ಹವಾಮಾನ ಕೇಂದ್ರದ ವೀಕ್ಷಕ ಬೂಹಫ್ಸ್ ಮೊದಲು ದಿಟ್ಟಿಸಿದ್ದು ಪಕ್ಕದ ಮನೆಯ ಉಮ್‌ಹಾನಿಯ ಮೂರು ಆಡುಗಳನ್ನು. ಕಾರಣ ಪತ್ರದಲ್ಲೇ ಇತ್ತು: 'ಹವಾಮಾನ ಕೈಪಿಡಿಯ ಪುಟ 212ರ ಪ್ರಕಾರ ಸದರಿ ಊರಿನಲ್ಲಿ ಬೇಸಿಗೆಯಲ್ಲಿ ದಿನಕ್ಕೆ 24 ಮಿಲಿಮೀಟರ್ ನೀರು ಆವಿಯಾಗುತ್ತದೆ. ನೀರು ನಿಲ್ಲಿಸುವುದು ವ್ಯರ್ಥ.'

ಆ 24ರಲ್ಲಿ ಸೂರ್ಯನ ಪಾಲು 14. ಉಳಿದ 10 ಮಿಲಿಮೀಟರ್ ಆಡುಗಳದ್ದು. ಕೇಂದ್ರದ ಬೇಲಿ ಮರಳಿನಲ್ಲಿ ಹೂತುಹೋಗಿ ಹತ್ತು ವರ್ಷವಾಗಿತ್ತು. ಆವಿ ಅಳೆಯುವ ತೆರೆದ ತೊಟ್ಟಿಗೆ ಬಲೆಯಾದರೂ ಕೊಡಿ ಎಂದು ಬೂಹಫ್ಸ್ ವರ್ಷಕ್ಕೊಂದು ಅರ್ಜಿ ಹಾಕಿದ್ದ. ದಿನಾ ಬೆಳಿಗ್ಗೆ ಆರಕ್ಕೆ ಅಂಕಿ ಬರೆದು, ಪಕ್ಕದ ಷರಾ ಕಾಲಂನಲ್ಲಿ 'ಆಡುಗಳು ಕುಡಿದಿವೆ' ಎಂದೂ ಬರೆಯುತ್ತಿದ್ದ. ಕೈಪಿಡಿ ಮಾಡಿದವರು ಅಂಕಿಯನ್ನು ಭಕ್ತಿಯಿಂದ ನಕಲು ಮಾಡಿದರು. ಷರಾಕ್ಕೆ ಪುಟದಲ್ಲಿ ಜಾಗವಿರಲಿಲ್ಲ.

ಬೂಹಫ್ಸ್ ರಾಜಧಾನಿಗೆ, ಕೈಪಿಡಿಯ ಸಂಪಾದಕ ತಯ್ಯೆಬ್ ಸಾಹೇಬರಿಗೆ ಫೋನ್ ಮಾಡಿದ.

"ಸಾರ್, ಅದು ಬಿಸಿಲಲ್ಲ, ಆಡು."

"ಮೋಡಕ್ಕೆ ಸಂಕೇತ ಇದೆ, ಧೂಳಿಗೆ ಇದೆ. ಆಡಿಗೆ ಎಲ್ಲಿದೆಯಪ್ಪಾ?"

"ಷರಾದಲ್ಲಿ ಹತ್ತು ವರ್ಷದಿಂದ ಬರೀತಾ ಇದೀನಲ್ಲ ಸಾರ್!"

"ಷರಾ ಯಾರ್ ಓದ್ತಾರೆ ಮಾರಾಯ? ಮೂರು ತಿಂಗಳ ಸರಿಯಾದ ಅಂಕಿ ಕಳ್ಸು. ಹೊಸ ಆವೃತ್ತಿ ಅಚ್ಚಿಗೆ ಹೋಗೋ ಮುಂಚೆ ನೋಡೋಣ."

ಬೂಹಫ್ಸ್ ಹೆಂಡತಿಯ ಕೋಳಿಗೂಡಿನ ತಂತಿಬಲೆ ಕಿತ್ತು ತಂದು ತೊಟ್ಟಿಗೆ ಬಿಗಿದ. ಉಮ್‌ಹಾನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಥೂ, ಬಾಯಾರಿದ ಮೂಕಪ್ರಾಣಿಗೆ ಬೀಗ ಹಾಕ್ತೀಯೇನೋ?"

"ಜಲಾಶಯ ಬೇಡ್ವಾ ನಿಂಗೆ?"

"ಬೇಕು ಕಣೋ, ಕಟ್ಟಿಹಾಕ್ತೀನಿ. ಆದ್ರೂ ನನ್ನ ಆಡು ಕುಡಿದಿದ್ದು ಸರ್ಕಾರಿ ಪುಸ್ತಕದಲ್ಲಿ ಬಂತು. ನೀನು ಬರೆದಿದ್ದು ಬಂತಾ?"

ಮೂರು ತಿಂಗಳು ತೊಟ್ಟಿಯ ದಿನದ ಇಳಿತ 14ರ ಆಸುಪಾಸಿನಲ್ಲೇ ನಿಂತಿತು. ಬೂಹಫ್ಸ್ ಅಂಕಿಗಳನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿದ.

ಹೊಸ ಆವೃತ್ತಿ ಬಂತು. ರಟ್ಟು ಹೊಸದು, ಕಾಗದ ನುಣುಪು, ಪುಟ 212ರಲ್ಲಿ 24. ಜೊತೆಗೊಂದು ಪತ್ರ: 'ತಾವು ಕಳಿಸಿದ ಅಂಕಿಗಳು ಕೈಪಿಡಿಯ ಸರಾಸರಿಗೆ ಹೊಂದದ ಕಾರಣ ದೋಷಪೂರಿತವೆಂದು ಕೈಬಿಡಲಾಗಿದೆ. ದೋಷಕ್ಕೆ ತೊಟ್ಟಿಯ ಮೇಲಿನ ಅನಧಿಕೃತ ಬಲೆ ಕಾರಣವಿರಬಹುದು. ಕೂಡಲೇ ತೆಗೆಯತಕ್ಕದ್ದು.'

ಅದೇ ವಾರ ಜಲಾಶಯ ಎಂಟು ಕಿಲೋಮೀಟರ್ ಆಚೆಯ ಕ್ಸರ್ ಮೆದ್ದಾಕ್ಕೆ ಮಂಜೂರಾಯಿತು. ಸೂರ್ಯ ಎರಡೂ ಊರಿಗೆ ಒಬ್ಬನೇ. ಆದರೆ ಅಲ್ಲಿ ಹವಾಮಾನ ಕೇಂದ್ರವಿಲ್ಲ, ಕೈಪಿಡಿಯಲ್ಲಿ ಆ ಊರಿನ ಮುಂದೆ ಬರೀ ಗೆರೆ. ನೀರು ಆವಿಯಾಗುತ್ತದೆಂದು ಬರೆದಿಡಲು ಒಬ್ಬ ನೌಕರನೂ ಇಲ್ಲದ್ದರಿಂದ ಅಲ್ಲಿ ನೀರು ಆವಿಯಾಗುವುದಿಲ್ಲ.

ಬೂಹಫ್ಸ್ ಬಲೆ ಬಿಚ್ಚಿ ಕೋಳಿಗೂಡಿಗೆ ಹಾಕಿದ. ಉಮ್‌ಹಾನಿ ಆಡುಗಳ ಹಗ್ಗ ಬಿಚ್ಚುತ್ತಾ ಕೇಳಿದಳು: "ಇವು ಕುಡೀಲೇನೋ?"

"ಕುಡೀಲಿ ಬಿಡು ಚಿಕ್ಕಮ್ಮಾ. ಕಮ್ಮಿ ಕುಡಿದ್ರೆ ನಂಗೇ ನೋಟಿಸ್ ಬರತ್ತೆ."

ಮರುದಿನ ಬೆಳಿಗ್ಗೆ ಆರಕ್ಕೆ ತೊಟ್ಟಿ ಸರಿಯಾಗಿ 24 ಇಳಿದಿತ್ತು. ಬೂಹಫ್ಸ್ ಅಂಕಿ ಬರೆದ. ಆಮೇಲೆ, ಯಾರೂ ಓದದ ಷರಾ ಕಾಲಂನಲ್ಲಿ, ಎಂದಿಗಿಂತ ದುಂಡಗೆ, 'ಆಡುಗಳು ಕುಡಿದಿವೆ' ಎಂದು ಬರೆದು ಕೆಳಗೆ ರುಜು ಹಾಕಿದ.