ಬಾಣಂತಿ ಗಂಟಿನಲ್ಲಿ ಬಂದ ಗುಂಡು

ರೈಲು ದಾರಿಯ ಚರಿತ್ರೆ ಬರೆಯಲು ನಮ್ಮ ಯಜಮಾನರನ್ನೇ ಹುಡುಕಿದವರಿಗೆ ದೊಡ್ಡ ನಮಸ್ಕಾರ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆದ ಆ ದಾರಿಯ ನಿವೃತ್ತ ನೌಕರರು ಪುಸ್ತಕ ತರುತ್ತಿದ್ದಾರೆ. ಇವರು, ವರದರಾಜರು, ಅಲ್ಲಿ ಹದಿನೇಳು ವರ್ಷ ಸ್ಟೇಷನ್ ಮಾಸ್ಟರಾಗಿದ್ದರು. ಈಗ ಕೈ ನಡುಗುತ್ತದೆ. ಹಾಗಾಗಿ ಶಂಕರಪುರದ ಮನೆಯಲ್ಲಿ ಅವರು ಹೇಳುವುದು, ನಾನು ಬರೆಯುವುದು. ಹಳಿ ಹಾಕಿದ್ದು, ಸೇತುವೆ ಕಟ್ಟಿದ್ದು, ಮೊದಲ ಗಾಡಿಗೆ ಆರತಿ ಎತ್ತಿದ್ದು ಎಲ್ಲ ಆಯಿತು. ಇವತ್ತು ಬೆಳಿಗ್ಗೆ 1981ಕ್ಕೆ ಬಂದು ನಿಂತೆವು.

"ಬರಿ ಅಂಬುಜಾ. ಆ ವರ್ಷ ಪಾಯಿಂಟ್ಸ್‌ಮನ್ ಒಬ್ಬನ ಅಜಾಗರೂಕತೆಯಿಂದ ಟೋಕನ್ ಕಳೆದು ಆರು ಗಂಟೆ ಸಂಚಾರ ನಿಂತಿತ್ತು."

"ಇದನ್ನ ನಾನು ಬರೆಯಲ್ಲ."

"ಹೆಸರು ಹಾಕ್ತಿಲ್ವಲ್ಲ."

ಟೋಕನ್ ಎಂದರೆ ಕಿತ್ತಳೆ ಗಾತ್ರದ ಉಕ್ಕಿನ ಗುಂಡು. ಡ್ರೈವರ್ ತಂದದ್ದನ್ನು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೈಯಿಂದ ಕೈಗೆ ಮಾಸ್ಟರಿಗೆ ಒಪ್ಪಿಸಬೇಕು, ಮಾಸ್ಟರು ಯಂತ್ರದೊಳಗೆ ಹಾಕಬೇಕು. ಹಾಕುವ ತನಕ ಯಂತ್ರದಿಂದ ಇನ್ನೊಂದು ಗುಂಡು ಹೊರಗೆ ಬರುವುದಿಲ್ಲ, ಗುಂಡಿಲ್ಲದೆ ಗಾಡಿ ಬಿಡುವಂತಿಲ್ಲ. ಅವತ್ತು ಪಾಯಿಂಟ್ಸ್‌ಮನ್ ಕಾಳಪ್ಪ ಕೊಟ್ಟಿದ್ದ. ಗುಂಡು ಇವರ ಕೈಯಲ್ಲಿದ್ದಾಗಲೇ ನನಗೆ ಹೆರಿಗೆ ನೋವು ಎಂದು ಕ್ವಾರ್ಟರ್ಸಿನಿಂದ ಕೂಗು ಹೋಯಿತು. ಓಡಿ ಬಂದವರು ಮಗುವಿಗೆಂದು ಹಳೇ ಸೀರೆ ಕಟ್ಟಿಟ್ಟಿದ್ದ ಗಂಟಿನೊಳಗೆ ಕೈಯಲ್ಲಿದ್ದದ್ದನ್ನು ತುರುಕಿ, ನನ್ನನ್ನು ಕಾರು ಹತ್ತಿಸಿದರು. ಗಂಟು ನನ್ನ ಜೊತೆ ಬೆಂಗಳೂರಿಗೆ ಬಂತು. ಗುಂಡು ಎಲ್ಲಿಟ್ಟೆನೆಂದು ಇವರಿಗೆ ನೆನಪಾಗಲಿಲ್ಲ. ಹೆದರಿ, ಕಾಳಪ್ಪ ಕೊಡಲೇ ಇಲ್ಲ ಎಂದು ಬರೆದುಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಗಂಟಿನ ತಳದ ಸೀರೆ ಬಿಚ್ಚುವ ಹೊತ್ತಿಗೆ ಮಗುವಿಗೆ ಮೂರು ತಿಂಗಳು, ಕಾಳಪ್ಪನ ಕೆಲಸ ಹೋಗಿತ್ತು.

"ಈಗ ಹೇಳಿದ್ರೆ ನನ್ನ ಕೆಲಸಾನೂ ಹೋಗತ್ತೆ. ಮಗು ಮುಖ ನೋಡು," ಎಂದಿದ್ದರು. ನೋಡಿದೆ, ಸುಮ್ಮನಾದೆ. ಅವತ್ತಿನಿಂದ ಬಾಯಲ್ಲಿ ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ. ಗುಂಡು ಅಕ್ಕಿ ಡಬ್ಬದ ತಳ ಸೇರಿತು. ಮಗ ಮಧುಸೂದನನ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಅದೇ ಅಕ್ಕಿಯ ಪಾಯಸ. ನನಗೆ ಒಂದು ವರ್ಷವೂ ರುಚಿಸಿಲ್ಲ.

ನಾನು ಪೆನ್ನು ಕೆಳಗಿಟ್ಟು ಕೂತಿದ್ದಾಗಲೇ ಕಾಳಪ್ಪನ ಮಗಳು ಯಶೋಧರಾ ಬಂದಳು. ಮಾವಳ್ಳಿಯಲ್ಲಿ ಮನೆ, ಸರ್ಕಾರಿ ಶಾಲೆಯಲ್ಲಿ ಟೀಚರ್. ಪುಸ್ತಕದ ಸುದ್ದಿ ಅವಳಿಗೂ ತಲುಪಿತ್ತು.

"ಅಪ್ಪಂಗೆ ಹುಷಾರಿಲ್ಲ ಸಾರ್, ಮರೆವು ಜಾಸ್ತಿಯಾಗಿದೆ," ಎಂದಳು. "ಮೊದ್ಲೆಲ್ಲ ಮಾಸ್ಟರ್ ಕೈಗೇ ಕೊಟ್ಟೆ ಅಂತಿದ್ರು. ನಾವೇ ನಂಬ್ತಿರ್ಲಿಲ್ಲ. ಈಗ ಅವರೇ, ಕಳೆದಿದ್ದು ನಾನೇ, ಹೋಗಿ ಕ್ಷಮೆ ಕೇಳ್ಕೊಂಡು ಬಾ ಅಂತ ದಿನಾ ಹಟ ಮಾಡ್ತಾರೆ. ಅದಕ್ಕೇ ಬಂದೆ."

ಇವರು ಕನ್ನಡಕ ಒರೆಸಿದರು. "ಆಗ್ಲಮ್ಮ. ಹಳೇದೆಲ್ಲ ಈಗ್ಯಾಕೆ."

ಕ್ಷಮಿಸಿಬಿಟ್ಟರು, ಪುಣ್ಯಾತ್ಮ. ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿ ಗುಂಡನ್ನು ತಂದು ಅವಳ ಮುಂದೆ ಇಟ್ಟೆ.

"ನಿಮ್ಮಪ್ಪ ಕಳೀಲಿಲ್ಲಮ್ಮ. ಇವರ ಕೈಗೇ ಕೊಟ್ಟಿದ್ರು. ಅವತ್ತಿಂದ ನನ್ನ ಹತ್ರ ಇದೆ. ತಗೊಂಡು ಹೋಗು."

ಯಶೋಧರಾ ಅದನ್ನು ಮುಟ್ಟಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನ್ಯಾಕೆ ತಗೊಳ್ಳಲಿ? ಇದನ್ನ ಕೈಯಿಂದ ಕೈಗೇ ಕೊಡ್ಬೇಕು, ಇನ್ನೊಬ್ರ ಹತ್ರ ಕಳಿಸ್ಬಾರ್ದು ಅಂತ ಅಪ್ಪ ಹೇಳ್ತಿದ್ರು. ನೀವೇ ಬಂದು ಕೊಡಿ."

ನಾನು ಇವರನ್ನು ನೋಡಿದೆ. ಇವರು ನೆಲ ನೋಡುತ್ತಿದ್ದರು. "ಈಗ ಅವನೇ ಒಪ್ಕೊಂಡಿದ್ದಾನಲ್ಲ ಅಂಬುಜಾ," ಎಂದರು. ಆ ಮಾತನ್ನು ಆ ಮಗಳ ಎದುರಿಗೇ ಆಡಿದರು. ಗುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ನಾನೊಬ್ಬಳೇ ಅವಳ ಜೊತೆ ಆಟೋ ಹತ್ತಿದೆ.

ಕಾಳಪ್ಪ ಗೋಡೆಗೆ ಒರಗಿ ಕೂತಿದ್ದ. ಅವನ ಬೊಗಸೆಯಲ್ಲಿ ಗುಂಡನ್ನಿಟ್ಟು, ತಪ್ಪು ನಮ್ಮದು, ನಿಮ್ಮದಲ್ಲ ಎಂದು ಎರಡು ಸಲ ಹೇಳಿದೆ. ಅವನು ಗುಂಡಿನ ಮೇಲೆ ಕೊರೆದ ಸ್ಟೇಷನ್ ಹೆಸರುಗಳನ್ನು ಹೆಬ್ಬೆರಳಿನಿಂದ ಸವರಿದ. ಅವನ ಕಣ್ಣು ತುಂಬಿ ಬಂತು. ಅರ್ಥವಾಯಿತು ಎಂದುಕೊಂಡೆ.

"ಸಿಕ್ತಾ ಅಮ್ಮಾವ್ರೇ?" ಎಂದ. "ಬೇಗ ಮಾಸ್ಟರ್‌ಗೆ ಕೊಟ್ಬಿಡಿ. ಪಾಪ, ಅವರಿಗೆ ಕೆಟ್ಟ ಹೆಸರು ಬರತ್ತೆ. ಗಾಡಿ ನಿಂತದೆ."

ಎರಡೂ ಕೈಯಿಂದ ಅದನ್ನು ಮತ್ತೆ ನನ್ನ ಕೈಗೇ ಕೊಟ್ಟ.