ತೊಳೆಯದ ಗಾಲಿಗಳು

ಸೆಪ್ಟೆಂಬರಿನ ಮೊದಲ ವಾರ. ಆಲ್ಬರ್ಟಾದ ಬಯಲಿನಲ್ಲಿ ಬೆಳಗಿನ ಇಬ್ಬನಿ ಆಗಲೇ ಹುಲ್ಲಿನ ತುದಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟತೊಡಗಿತ್ತು. ಸಾಸಿವೆ ಜಾತಿಯ ಎಣ್ಣೆಕಾಳಿನ ಬೆಳೆ ಕನೋಲಾ ಕೊಯ್ದು ಸಾಲುಸಾಲಾಗಿ ನೆಲಕ್ಕೆ ಮಲಗಿಸುತ್ತಾ ಹೊಲದ ಪಡುವಣ ಅಂಚಿಗೆ ಬಂದ ಒರೆಸ್ಟ್ ಹ್ರಿನ್‌ಚುಕ್ ಕೊಯ್ಲು ಯಂತ್ರ ನಿಲ್ಲಿಸಿ ಕೆಳಗಿಳಿದ. ಹೋದ ವರ್ಷ ತೈಲದ ಕೊಳವೆ ಹೂತು ಮಣ್ಣು ಮುಚ್ಚಿದ ಪಟ್ಟಿ ಅದು. ಉಳಿದ ಕಡೆ ಗಿಡಗಳಲ್ಲಿ ಇನ್ನೂ ಜೀವವಿತ್ತು. ಇಲ್ಲಿ ಮಾತ್ರ ಹತ್ತು ದಿನ ಮೊದಲೇ ಒಣಗಿ ನಿಂತಿದ್ದವು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡಿದ್ದ. ಒಂದು ಗಿಡ ಕಿತ್ತು ನೋಡಿದ. ಬೇರು ಶುಂಠಿಯ ಗಡ್ಡೆಯ ಹಾಗೆ ಗಂಟುಗಂಟಾಗಿ ಊದಿತ್ತು. ಇನ್ನೊಂದು ಕಿತ್ತ. ಅದೂ ಹಾಗೆಯೇ.

ಬೇರುಗಂಟು ರೋಗ. ಗಾಲಿಗಂಟಿದ ಒಂದು ಹೆಂಟೆ ಮಣ್ಣು ಸಾಕು, ಹೊಲದಿಂದ ಹೊಲಕ್ಕೆ ದಾಟುತ್ತದೆ. ಒಮ್ಮೆ ಹೊಕ್ಕರೆ ಹದಿನೈದು ಇಪ್ಪತ್ತು ವರ್ಷ ಮಣ್ಣು ಬಿಟ್ಟು ಹೋಗುವುದಿಲ್ಲ. ಅದಕ್ಕಾಗಿಯೇ ರೈತರು ಕೊಳವೆಯವರ ಕರಾರಿನಲ್ಲಿ ಒಂದು ಮಾತು ಬರೆಸಿದ್ದರು: ಪ್ರತಿ ಯಂತ್ರವನ್ನೂ ಹೊಲದ ಗೇಟಿನಲ್ಲಿ ತೊಳೆದೇ ಒಳಗೆ ಬಿಡಬೇಕು.

ಹೋದ ವರ್ಷದ ಜೂನ್ ತಿಂಗಳಲ್ಲಿ ಬಿಡದೆ ಮಳೆ. ಕೊಳವೆ ಕೆಲಸದ ಮೇಸ್ತ್ರಿ ಒರೆಸ್ಟನ ಅಕ್ಕನ ಮಗ ಟೆರಿ, ನಲವತ್ತು ದಾಟಿದವನು. ಕೆಸರಿನಲ್ಲಿ ನಿಂತು ಅಂಗಲಾಚಿದ್ದ.

"ಮಾವ, ಒಂದೊಂದು ತೊಳೆಯೋಕೆ ಎರಡೆರಡು ಗಂಟೆ. ಹದಿನೆಂಟು ನಿಂತಿದಾವೆ. ಮೇಲಿನೋರು ನನ್ನ ಪ್ರಾಣ ತಿಂತಿದಾರೆ. ಕೊಳವೆ ಕಡಲು ಮುಟ್ಟೋವರೆಗೂ ನಮ್ಮ ಎಣ್ಣೆ ಕೊಳ್ಳೋನು ತೆಂಕಣ ಗಡಿಯಾಚೆ ಇರೋನೊಬ್ನೇ, ಅವನು ಬಿಸಾಕಿದ್ದೇ ಬೆಲೆ. ಹಂಗಂತ ಕಾಫಿ ಅಂಗಡೀಲಿ ಮೇಜು ಕುಟ್ಟಿ ಹೇಳೋನು ನೀನೇ ತಾನೆ?"

ಒರೆಸ್ಟ್ ನಕ್ಕುಬಿಟ್ಟಿದ್ದ. ತೊಳೆಯುವುದು ಬೇಡವೆಂಬ ಕಾಗದವನ್ನು ಟ್ರಕ್ಕಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದ್ದ.

ಪಕ್ಕದ ಹೊಲದ ಮಾರ್ಲಿಸ್ ಬೋದ್ನಾರ್ ಹಾಗೆ ಬಿಡಲಿಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಬೇಸಾಯ ನಡೆಸುವ ಹೆಂಗಸು ಮಳೆಕೋಟು ತೊಟ್ಟು ನಾಲ್ಕು ದಿನ ಗೇಟಿನಲ್ಲೇ ನಿಂತಳು. ತೊಳೆಯದ ಒಂದು ಗಾಲಿಯನ್ನೂ ಒಳಗೆ ಬಿಡಲಿಲ್ಲ. ಕಾಫಿ ಅಂಗಡಿಯಲ್ಲಿ ಅವಳಿಗೆ ಸೋಪಮ್ಮ ಎಂಬ ಹೆಸರು ಬಿತ್ತು. "ಸೋಪಮ್ಮ ಎಣ್ಣೆಗೂ ಸ್ನಾನ ಮಾಡಿಸಿಯೇ ಕಳಿಸೋದಂತೆ!" ಎಂದು ಎಲ್ಲರನ್ನೂ ನಗಿಸಿದವನು ಒರೆಸ್ಟನೇ.

ಈಗ ಕೊಳವೆಯಲ್ಲಿ ಎಣ್ಣೆ ಹರಿಯುತ್ತಿತ್ತು. ಪಶ್ಚಿಮದ ಬಂದರಿನಲ್ಲಿ ಹಡಗುಗಳು ತುಂಬುತ್ತಿದ್ದವು, ಬೆಲೆ ಸುಧಾರಿಸಿತೆಂದು ಟಿವಿಯವರು ಹೇಳುತ್ತಿದ್ದರು. ಒರೆಸ್ಟ್ ಗಂಟುಬೇರನ್ನು ಜೇಬಿನಲ್ಲಿಟ್ಟುಕೊಂಡು ಟೆರಿಗೆ ಫೋನ್ ಮಾಡಿದ.

"ಯಾರಿಗೂ ಬಾಯಿ ಬಿಡಬೇಡ ಮಾವ," ಎಂದ ಟೆರಿ. "ಕೌಂಟಿ ಆಡಳಿತದೋರಿಗೆ ಗೊತ್ತಾದ್ರೆ ನಿನ್ನ ಹೊಲಾನ ಗುತ್ತಿಗೆಗೂ ಯಾರೂ ಕೇಳಲ್ಲ. ಕಾಗದದಲ್ಲಿರೋದು ನಿನ್ನ ಸಹಿ."

"ಸೋಮವಾರ ಮಾರ್ಲಿಸ್ ಹೊಲಕ್ಕೆ ಒಕ್ಕಣೆ ಯಂತ್ರ ತಗೊಂಡು ಹೋಗ್ಬೇಕಲ್ಲೋ."

"ಒಂದಿಷ್ಟು ನೀರು ಹೊಡೆದು ಹೋಗು. ಅವಳಿಗೇನು ಗೊತ್ತಾಗತ್ತೆ?"

ಕೊಳವೆ ಬರುವ ಮುಂಚಿನ ಸುಗ್ಗಿಯಲ್ಲಿ ಒರೆಸ್ಟ್ ಸೊಂಟದ ಆಪರೇಷನ್ ಆಗಿ ಮಲಗಿದ್ದಾಗ, ತನ್ನ ಕೆಲಸ ಬಿಟ್ಟು ಮೂರು ದಿನ ಅವನ ಬೆಳೆ ಒಕ್ಕಿಕೊಟ್ಟವಳು ಮಾರ್ಲಿಸ್. ಈ ವರ್ಷ ಅವಳ ಒಕ್ಕಣೆ ಯಂತ್ರದ ಎಂಜಿನ್ನು ಹೋಗಿತ್ತು. ಮುನ್ನೂರು ಎಕರೆ ಕನೋಲಾ ಕೊಯ್ದು ಮಲಗಿಸಿ, ಅವನ ಮೂರು ದಿನಕ್ಕಾಗಿ ಕಾದಿದ್ದಳು.

ಭಾನುವಾರವಿಡೀ ಒರೆಸ್ಟ್ ಒಕ್ಕಣೆ ಯಂತ್ರ ತೊಳೆದ. ಹೋದ ಸುಗ್ಗಿಯಲ್ಲಿ ಅದೇ ಪಟ್ಟಿಯ ಮೇಲೆ ಓಡಾಡಿದ ಯಂತ್ರ. ಒಂದು ತಗಡು ಬಿಚ್ಚಿದರೆ ಮಣ್ಣು, ಇನ್ನೊಂದು ಬಿಚ್ಚಿದರೆ ಮತ್ತೆ ಮಣ್ಣು. ಕತ್ತಲಾಗುವ ಹೊತ್ತಿಗೆ ಬಿಚ್ಚುವುದನ್ನೇ ನಿಲ್ಲಿಸಿದ.

ಸೋಮವಾರ ವಾಯವ್ಯದ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಮಾರ್ಲಿಸ್ ಗೇಟು ತೆರೆದುಕೊಂಡೇ ನಿಂತಿದ್ದಳು.

"ಬಾರಯ್ಯ ಬಾ! ಸಂಜೆಗೆ ಹಿಮ ಅಂತಿದಾರೆ. ಕಾಫಿ ಆಮೇಲೆ, ಮೊದಲು ಒಳಗೆ ಬಿಡು."

ಗೇಟಿನ ಎದುರು ಬಂದ ಒರೆಸ್ಟ್ ಬ್ರೇಕು ಒತ್ತಿದ. ಎಂಜಿನ್ನು ಆರಿಸಿದ.

"ಮಾರ್ಲಿಸ್, ಗೇಟು ಹಾಕು."

"ಯಾಕೆ? ನನ್ನ ಕಾಫಿ ಅಷ್ಟು ಕೆಟ್ಟದಾ?"

"ನನ್ನ ಹೊಲಕ್ಕೆ ಬೇರುಗಂಟು ಬಂದಿದೆ."

ಅವಳು ಅವನ ಮುಖ ನೋಡಲಿಲ್ಲ, ಗಾಲಿ ನೋಡಿದಳು.

"ಯಾವತ್ತು ಗೊತ್ತಾಯ್ತು?"

"ಗುರುವಾರ."

"ಇವತ್ತು ಸೋಮವಾರ."

"ಹೂಂ."

"ಆದರೂ ಇಲ್ಲೀವರೆಗೂ ಓಡಿಸ್ಕೊಂಡು ಬಂದೆ."

ಅವಳು ಗೇಟು ಎಳೆದು ಸರಪಳಿ ಸುತ್ತಿದಳು.

"ಮೂರು ದಿನ ಕೊಡಬೇಕು ನೀನು ನನಗೆ."

"ಕೊಡೋಕಾಗಲ್ಲ, ಮಾರ್ಲಿಸ್."

ರಸ್ತೆ ಇಕ್ಕಟ್ಟು. ಯಂತ್ರ ತಿರುಗಿಸಬೇಕಾದರೆ ಅವಳ ಗೇಟಿನ ಮುಂದಿನ ಮಣ್ಣಿನ ಮೇಲೆಯೇ ಗಾಲಿ ಹತ್ತಿಸಬೇಕು. ಒರೆಸ್ಟ್ ತಿರುಗಿಸಲಿಲ್ಲ. ಅರ್ಧ ಮೈಲಿ ಹಿಮ್ಮುಖವಾಗಿಯೇ ಓಡಿಸತೊಡಗಿದ. ಮಾರ್ಲಿಸ್ ಒಂದು ಬಕೆಟ್ಟು ಹಿಡಿದು ಹಿಂದೆ ಸರಿಯುವ ಯಂತ್ರದ ಎದುರಿಗೇ ನಡೆದು ಬರುತ್ತಾ, ಗಾಲಿಯಿಂದ ಉದುರಿದ ಒಂದೊಂದು ಹೆಂಟೆಯನ್ನೂ ಬಗ್ಗಿ ಹೆಕ್ಕುತ್ತಿದ್ದಳು. ಅವಳ ಬೆನ್ನ ಹಿಂದೆ ಮುನ್ನೂರು ಎಕರೆ ಬೆಳೆ ಒಕ್ಕುವವರಿಲ್ಲದೆ ನೆಲಕ್ಕೆ ಮಲಗಿತ್ತು. ಅದರ ಮೇಲೆ ಸಣ್ಣಗೆ ಹಿಮ ಬೀಳಲು ಶುರುವಾಯಿತು.